ಎದುರುಮನೆಯವರಿಗೆ ಬರೆದ ಸನ್ಮಾನ ಪತ್ರ

ಹೋದ ತಿಂಗಳು ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸ್ ಪಕ್ಕದ ಫುಟ್‌ಪಾತಿನಲ್ಲಿ ಚಪ್ಪಲಿಗೆ ಹೊಲಿಗೆ ಹಾಕಿಸಿಕೊಳ್ಳಲು ಒಂಟಿಕಾಲಲ್ಲಿ ನಿಂತಿದ್ದೆ. ಪಕ್ಕದಲ್ಲಿ ಮೊಬೈಲ್ ಕವರು, ಕೂಲಿಂಗ್ ಗ್ಲಾಸು ಮಾರುವವನು ಒಂದು ತಂತಿಗೆ ಸಾಲಾಗಿ ಕೆಂಪು ಬಟ್ಟೆಯ ಪಟ್ಟಿಗಳನ್ನು ನೇತುಹಾಕಿದ್ದ. ಗೇಣುದ್ದದ ಪಟ್ಟಿ, ತುದಿಗೊಂದು ರಿಂಗು, ಮೇಲೆ ಬಿಳಿ ದಾರದ ಇಂಗ್ಲಿಷ್ ಅಕ್ಷರಗಳು. ವಿಮಾನ ಹಾರುವ ಮುಂಚೆ ಇದನ್ನು ತೆಗೆಯಿರಿ ಎಂದು ಅದರ ಅರ್ಥ. ಕಾಲೇಜು ಹುಡುಗರಿಬ್ಬರು ಬಂದು ಬೈಕಿನ ಕೀಗೆಂದು ಒಂದೊಂದು ಕೊಂಡರು. ಸಖತ್ತಾಗಿದೆ ಮಗಾ ಎಂದು ಒಬ್ಬ ಅದನ್ನು ಬೆರಳಿಗೆ ಸಿಕ್ಕಿಸಿಕೊಂಡು ಗರಗರ ತಿರುಗಿಸಿದ.

ನಾನು ಮುಖ ಆಚೆ ತಿರುಗಿಸಿಕೊಂಡೆ. ಹುಡುಗರ ಮೇಲೆ ಸಿಟ್ಟು ಬಂದಿತೆಂದುಕೊಳ್ಳಬೇಡಿ, ಅವಕ್ಕೇನು ಗೊತ್ತು. ಆ ಪಟ್ಟಿಯ ಕೆಲಸವೇನು, ಅದು ಕಿತ್ತು ಬಂದರೆ ಏನಾಗುತ್ತದೆ ಎಂದು ಚೆನ್ನಾಗಿ ಗೊತ್ತಿದ್ದವನು ನಾನು. ಗೊತ್ತಿದ್ದೂ ಮಾಡಿದ್ದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆ. ಮೂವತ್ತು ವರ್ಷವಾಯಿತು. ವಯಸ್ಸಾದಂತೆ ಎಲ್ಲವೂ ಮಾಸುತ್ತದೆ ಎನ್ನುತ್ತಾರೆ... ಇದು ಮಾಸಲಿಲ್ಲ.

ಆಗ ನಮ್ಮ ಮನೆ ನಾಲ್ಕನೇ ಟಿ ಬ್ಲಾಕಿನಲ್ಲಿತ್ತು. ನಾನು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಎದುರುಮನೆಯಲ್ಲಿ ವಾಯುಪಡೆಯಿಂದ ನಿವೃತ್ತರಾಗಿ ಬಂದ ಗಂಡ ಹೆಂಡತಿ ಇದ್ದರು. ಮಕ್ಕಳಿರಲಿಲ್ಲ. ಬೀದಿಯ ಮಕ್ಕಳೆಲ್ಲ ಅವರನ್ನು ಏರ್‌ಫೋರ್ಸ್ ಅಂಕಲ್ ಎನ್ನುತ್ತಿದ್ದವು. ಅವರೇನೂ ವಿಮಾನ ಹಾರಿಸಿದವರಲ್ಲ, ನೆಲದ ಮೇಲೆ ಅದನ್ನು ಕಾದವರು. ಒಂದು ಬಾಂಬರ್ ವಿಮಾನಕ್ಕೆ ಟೈರು ಬದಲಿಸುವುದು, ರೆಕ್ಕೆಯ ತೂತಿಗೆ ತೇಪೆ ಹೊಡೆಯುವುದು, ಹೊರಡುವ ಮುಂಚೆ ಮೂತಿಯಿಂದ ಬಾಲದ ತನಕ ತಡವಿ ನೋಡಿ ಸರಿಯಿದೆ ಎಂದು ಪುಸ್ತಕದಲ್ಲಿ ಸಹಿ ಹಾಕುವುದು, ಇದು ಅವರ ಕೆಲಸವಾಗಿತ್ತು.

ನಿವೃತ್ತರಾದ ಮೇಲೂ ಕೈ ಸುಮ್ಮನಿರುತ್ತಿರಲಿಲ್ಲ. ಭಾನುವಾರ ಬೆಳಗಾದರೆ ಬನಿಯನ್ನು, ಖಾಕಿ ಚಡ್ಡಿಯಲ್ಲಿ ಸ್ಕೂಟರ್ ಬಿಚ್ಚಿ, ನಟ್ಟು ಬೋಲ್ಟುಗಳನ್ನು ಹಳೆಯ ಪೇಪರಿನ ಮೇಲೆ ಬಿಚ್ಚಿದ ವರಸೆಯಲ್ಲೇ ಸಾಲಾಗಿ ಇಡುತ್ತಿದ್ದರು. ಅವರದೊಂದು ವಿಚಿತ್ರ ಅಭ್ಯಾಸವಿತ್ತು. ಹೆಂಡತಿಯ ಹಳೆಯ ಸೀರೆಯ ಕೆಂಪು ಅಂಚನ್ನು ಕತ್ತರಿಸಿ ಪಟ್ಟಿ ಮಾಡಿಟ್ಟಿದ್ದರು. ಮೇಲಿನ ಟ್ಯಾಂಕಿನ ವಾಲ್ವ್ ತಿರುಗಿಸಿ ನಿಲ್ಲಿಸಿದರೆ ಅದಕ್ಕೊಂದು ಪಟ್ಟಿ. ಮೇನ್ ಸ್ವಿಚ್ ಆಫ್ ಮಾಡಿದರೆ ಅದಕ್ಕೊಂದು. ಕೆಲಸ ಮುಗಿದ ಮೇಲೆ ಬಿಚ್ಚಿ ಬಾಗಿಲ ಪಕ್ಕದ ಚೀಲಕ್ಕೆ ಹಾಕುವುದು, ಹೊರಗೆ ಹೊರಡುವಾಗ ಚೀಲದಲ್ಲಿರುವುದನ್ನು ತೆಗೆದು ಎಣಿಸುವುದು. ಎಣಿಸಿ ಆದಮೇಲೂ ಒಮ್ಮೆ ಒಳಗೆ ಹೋಗಿ ವಾಲ್ವನ್ನೂ ಸ್ವಿಚ್ಚನ್ನೂ ಕೈಯಿಂದ ಮುಟ್ಟಿ ಬರುತ್ತಿದ್ದರು. ಬೀದಿಯವರು ಮುಸಿಮುಸಿ ನಗುತ್ತಿದ್ದೆವು. ನಮ್ಮನೆಯ ಮಿಕ್ಸಿ ರಿಪೇರಿ ಮಾಡಿಕೊಟ್ಟಾಗಲೂ ಒಂದು ಚೀಟಿಯಲ್ಲಿ ತಾರೀಕು, ಮಾಡಿದ ಕೆಲಸ ಬರೆದು ಸಹಿ ಹಾಕಿ ಅಂಟಿಸಿದ್ದರು. ನಾನು ಅದನ್ನು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ನಕ್ಕಿದ್ದೇನೆ.

ನನ್ನ ಕಸುಬು ಹೇಳಿಬಿಡುತ್ತೇನೆ. ಪಾಠ ಹೇಳುವುದು ಸಂಬಳಕ್ಕೆ. ಬೀದಿಯಲ್ಲಿ ನನಗೆ ಹೆಸರು ಬಂದಿದ್ದು ಸನ್ಮಾನ ಪತ್ರ ಬರೆಯುವುದರಿಂದ. ನವೆಂಬರ್ ಬಂತೆಂದರೆ ಶಾಮಿಯಾನ ಏಳುತ್ತಿತ್ತು. ರಾಜ್ಯೋತ್ಸವ, ಆರ್ಕೆಸ್ಟ್ರಾ, ನಾಲ್ಕಾರು ಜನಕ್ಕೆ ಸನ್ಮಾನ. ಮೈಸೂರು ಪೇಟ, ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ, ಜೊತೆಗೆ ಚೌಕಟ್ಟು ಹಾಕಿದ ಪತ್ರ. ಆ ಪತ್ರವನ್ನು ಬರೆಯುವವನೂ ನಾನೇ, ಮೈಕಿನಲ್ಲಿ ಓದುವವನೂ ನಾನೇ. ಊರು ಕೊಳ್ಳೆ ಹೊಡೆದ ಕಾರ್ಪೊರೇಟರ್ ನನ್ನ ಕೈಯಲ್ಲಿ ಕಲಿಯುಗದ ಕರ್ಣನಾಗಿದ್ದಾನೆ. ಬೀದಿಗೆ ಕಸ ಸುರಿಸುತ್ತಿದ್ದ ಛತ್ರದ ಯಜಮಾನ ಪರಿಸರಪ್ರೇಮಿಯಾಗಿದ್ದಾನೆ. ಜನ ಚಪ್ಪಾಳೆ ತಟ್ಟುತ್ತಿದ್ದರು. ನನಗೂ ಅದು ರುಚಿ ಹತ್ತಿತ್ತು, ಥೂ!

ಆ ವರ್ಷ ಗಡಿಯಲ್ಲಿ ಏನೋ ಗಲಾಟೆಯೆಂದು ಪೇಪರಿನ ತುಂಬ ಸುದ್ದಿ. ಈ ಸಲ ಒಬ್ಬ ಯೋಧನಿಗೇ ಸನ್ಮಾನವಾಗಬೇಕೆಂದು ಬಡಾವಣೆ ಸಂಘದವರು ತೀರ್ಮಾನಿಸಿದರು. ಸಂಘದ ಕಾರ್ಯದರ್ಶಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿದ್ದ ಉತ್ಸಾಹದ ಮನುಷ್ಯ. ಅವನೂ ನಾನೂ ಎದುರುಮನೆಗೆ ಹೋಗಿ ಕೇಳಿದೆವು. ಅವರು ಒಂದೇ ಮಾತಿಗೆ ಬೇಡ ಎಂದರು. ನಾವು ಬಿಡಲಿಲ್ಲ. ಮೂರನೇ ಸಲ ಹೋದಾಗ, ವಿಲ್ಸನ್ ಗಾರ್ಡನ್ನಿನಲ್ಲಿ ಒಬ್ಬ ತಾಯಿ ಇದ್ದಾರೆ, ತಾವು ನೋಡಿಕೊಳ್ಳುತ್ತಿದ್ದ ವಿಮಾನದಲ್ಲಿ ಅವರ ಮಗ ದಾರಿ ತೋರಿಸುವ ನ್ಯಾವಿಗೇಟರ್ ಆಗಿದ್ದ, ಯುದ್ಧದಲ್ಲಿ ಹೋದ, ಆ ತಾಯಿಯನ್ನು ಕರೆತಂದರೆ ತಾವೂ ಬರುವುದಾಗಿ ಹೇಳಿದರು. ಕಾರ್ಯದರ್ಶಿಗೆ ಸ್ವರ್ಗ ಮೂರೇ ಗೇಣು. ಹುತಾತ್ಮನ ತಾಯಿ ವೇದಿಕೆಯ ಮೇಲೆ ಬರುತ್ತಾರೆಂದರೆ ಕಾರ್ಯಕ್ರಮದ ತೂಕವೇ ಬೇರೆ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಾ ಬಂದ.

ಅವತ್ತು ಸಂಜೆಯೇ ಎದುರುಮನೆಯವರು ನಮ್ಮನೆಗೆ ಬಂದರು. ಕೈಯಲ್ಲಿ ಕಂದು ರಟ್ಟಿನ ಒಂದು ಉದ್ದ ನೋಟ್‌ಬುಕ್. ಅದನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು.

"ಮೇಷ್ಟ್ರೇ, ನನ್ನ ಬಗ್ಗೆ ಏನೂ ಬರೀಬೇಡಿ. ಇದರಲ್ಲಿ ಏನಿದೆಯೋ ಅದನ್ನ ಬರೀರಿ. ಕೊನೇ ಪುಟದವರೆಗೂ ಓದಿ. ಆ ತಾಯಿ ಮುಂದೆ ಓದ್ಬೇಕು ಅದನ್ನ. ನನ್ ಬಾಯಲ್ಲಿ ಬರ್ತಿಲ್ಲ... ಇಪ್ಪತ್ತು ವರ್ಷದಿಂದ ನೋಡ್ತಿದೀನಿ, ಬರ್ತಿಲ್ಲ."

ನಾನು ಆಗಲಿ ಸಾರ್, ನಿಶ್ಚಿಂತೆಯಿಂದಿರಿ ಎಂದೆ. ನಿಶ್ಚಿಂತೆ ಎಂಬ ಪದ ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತು ನೋಡಿ.

ನೋಟ್‌ಬುಕ್ ಎಂಟು ದಿನ ನನ್ನ ಮೇಜಿನ ಮೇಲಿತ್ತು. ಅದು ಆ ಒಂದು ವಿಮಾನದ ಚರಿತ್ರೆ. ವಿಮಾನದ ಬಾಲದ ಮೇಲೆ ಬರೆದಿದ್ದ ಅಕ್ಷರ ಕೆ. ಅವರು ಅದನ್ನು ಕೆ ಎಂದೇ ಕರೆಯುತ್ತಿದ್ದರು, ಮನೆಯ ಹಸುವನ್ನು ಕರೆದ ಹಾಗೆ. ಅದು ಪರದೇಶದಿಂದ ಬಂದಿಳಿದ ದಿನ, ಬಳಿದ ಬಣ್ಣ, ಮೊದಲ ಹಾರಾಟ, ಎಡಗಾಲಿನ ಟೈರು ಬದಲಿಸಿದ್ದು, ಹದ್ದು ಬಡಿದು ಗಾಜು ಬಿರಿದದ್ದು, ಬಾಂಬು ಬೀಳಿಸುವ ಬಾಗಿಲು ಕಚ್ಚಿಕೊಂಡು ತೆರೆಯದೇ ಹೋದದ್ದು. ಹಾಳೆ ಮಗುಚಿದಷ್ಟೂ ಎಣ್ಣೆ, ಗ್ರೀಸು, ನಟ್ಟು. ನಾಲ್ಕು ಪುಟ ಓದುವಷ್ಟರಲ್ಲಿ ನನಗೆ ಆಕಳಿಕೆ. ಇದರಲ್ಲಿ ಸಾಹಿತ್ಯ ಎಲ್ಲಿದೆ ಎಂದುಕೊಂಡು ಮುಚ್ಚಿಟ್ಟೆ. ಒಂದು ಮಧ್ಯಾಹ್ನ ಕಾಫಿ ಕುಡಿದು ಕೂತು, ನನ್ನ ತಲೆಯಲ್ಲಿದ್ದ ಸಮಸ್ತ ವೀರರಸವನ್ನೂ ಸುರಿದು ಪತ್ರ ಬರೆದು ಮುಗಿಸಿದೆ. ಕಾರ್ಯದರ್ಶಿ ಓದಿ ಮೈ ಜುಮ್ಮೆಂದಿತು ಎಂದ. ಅಂದೇ ಅಚ್ಚಿಗೆ ಹೋಯಿತು.

ಸಮಾರಂಭದ ದಿನ ಬೆಳಿಗ್ಗೆ, ನಿರೂಪಣೆ ಮಾಡುವ ಹುಡುಗಿಗೆ ಆ ವಿಮಾನದಲ್ಲಿ ಹಾರಿದ ಇಬ್ಬರ ಹುದ್ದೆ ಸರಿಯಾಗಿ ಬರೆದುಕೊಡಬೇಕಾಗಿ ಬಂತು. ಅದಕ್ಕಾಗಿ ನೋಟ್‌ಬುಕ್ ತೆಗೆದೆ. ಹುಡುಕುತ್ತಾ ಹೋಗಿ, ಸ್ಕೂಲಿಗೆ ಹೊರಡುವುದನ್ನೂ ಮರೆತು ಕೊನೆಯ ಪುಟದವರೆಗೆ ಓದಿದೆ.

ಕೆ ವಿಮಾನದಲ್ಲಿ ಹಾರುತ್ತಿದ್ದವರು ಇಬ್ಬರು. ನಡೆಸುವವರು ಉತ್ತರದ ಕಡೆಯವರು. ಏರುವ ಮುಂಚೆ ಮುಂದಿನ ಚಕ್ರವನ್ನು ಕಾಲಿನಿಂದ ಮೆಲ್ಲಗೆ ಒದ್ದು ಹತ್ತುತ್ತಿದ್ದರಂತೆ. ನ್ಯಾವಿಗೇಟರ್ ವಿಲ್ಸನ್ ಗಾರ್ಡನ್ನಿನ ಹುಡುಗ, ಇಪ್ಪತ್ತೈದು ತುಂಬಿರಲಿಲ್ಲ. ಆಫೀಸರ್ ಆಗಿದ್ದರೂ ಇವರ ಜೊತೆ ಕನ್ನಡದಲ್ಲಿ ಹರಟುತ್ತಿದ್ದ. ಮನೆಯಿಂದ ಬಂದ ಚಕ್ಕುಲಿಯನ್ನು ರೆಕ್ಕೆಯ ನೆರಳಲ್ಲಿ ಕೂತು ಹಂಚಿಕೊಂಡು ತಿಂದದ್ದೂ ಟೈರಿನ ಪಕ್ಕದ ಸಾಲಿನಲ್ಲಿ ನಮೂದಾಗಿತ್ತು. ಯುದ್ಧ ಶುರುವಾದ ಮೇಲೆ ಕೆ ಹೋಗಿ ಬಂದ ಒಂದೊಂದು ಸಲದ್ದೂ ಒಂದೊಂದು ಸಾಲು. ಎಲ್ಲಿ ಗುಂಡು ತಾಕಿದೆ, ತೇಪೆ ಎಷ್ಟಗಲ, ಬಳಿದ ಬಣ್ಣ ಒಣಗುವ ಮೊದಲೇ ಮತ್ತೆ ಹೊರಟಿತೇ... ಎಲ್ಲಾ ಇತ್ತು.

ವಿಮಾನದ ಮುಂಭಾಗದಲ್ಲಿ ಬೆರಳು ಗಾತ್ರದ ಒಂದು ಕೊಳವೆಯಿರುತ್ತದಂತೆ. ಎದುರು ಗಾಳಿ ಅದರೊಳಕ್ಕೆ ನುಗ್ಗಿದರೇನೇ ವೇಗ ಎಷ್ಟೆಂದು ಒಳಗಿನ ಮುಳ್ಳು ತೋರಿಸುವುದು. ನೆಲದ ಮೇಲಿರುವಾಗ ದೂಳು, ಕಣಜ ಹೋಗದಿರಲೆಂದು ಆ ಕೊಳವೆಗೆ ಬಟ್ಟೆಯ ಗವಸು ತೊಡಿಸುತ್ತಾರೆ. ಗವಸು ಮರೆತುಹೋಗದಿರಲೆಂದು ಅದಕ್ಕೊಂದು ಕೆಂಪು ಪಟ್ಟಿ ಹೊಲಿದಿರುತ್ತದೆ. ಹೀಗೆ ತೆಗೆಯಬೇಕಾದ ಪಿನ್ನು, ಗವಸು ಎಲ್ಲಾ ಸೇರಿ ಕೆ ವಿಮಾನಕ್ಕೆ ಏಳು ಪಟ್ಟಿ. ತೆಗೆದದ್ದನ್ನು ಚೀಲಕ್ಕೆ ಹಾಕಿ, ಏಳು ಎಣಿಸಿ, ಪುಸ್ತಕಕ್ಕೆ ಸಹಿ ಹಾಕಬೇಕು.

ಅವತ್ತು ಮಧ್ಯಾಹ್ನ ದೂಳುಗಾಳಿ ಎದ್ದಿತ್ತು. ಕೊಳವೆಯ ಗವಸಿನ ಪಟ್ಟಿ ಗಾಳಿಗೆ ಹೊಡೆದುಕೊಂಡು ಹೊಲಿಗೆ ಬಿಟ್ಟಿತ್ತು. ಎದುರುಮನೆಯವರು ಆ ಪಟ್ಟಿಯನ್ನು ಕಿತ್ತು, ಆಮೇಲೆ ಹೊಲಿದರಾಯಿತು ಎಂದು ಚೀಲಕ್ಕೆ ಹಾಕಿದರು. ಗವಸು ಕೊಳವೆಯ ಮೇಲೇ ಉಳಿಯಿತು. ಮುಸ್ಸಂಜೆಗೆ ತಟ್ಟನೆ ಹೊರಡಲು ಆಜ್ಞೆ ಬಂತು. ದೀಪ ಹಚ್ಚುವ ಹಾಗಿಲ್ಲ. ಕತ್ತಲು ಕವಿಯುತ್ತಿತ್ತು, ಎಲ್ಲರಿಗೂ ಆತುರ. ಇವರು ಓಡಾಡಿ ಕಣ್ಣಿಗೆ ಕಂಡ ಕೆಂಪನ್ನೆಲ್ಲ ಎಳೆದು ಚೀಲಕ್ಕೆ ತುಂಬಿ ಎಣಿಸಿದರು. ಏಳು. ಎಣಿಕೆ ಸರಿಯಿತ್ತು. ಸಹಿ ಹಾಕಿದರು. ವಿಮಾನ ತುಂಬಿದ ಹೊರೆಯೊಂದಿಗೆ ಓಡಿ ಎದ್ದಿತು, ವೇಗ ತಿಳಿಯದೆ ತೀರಾ ಕಡಿದಾಗಿ ಮೂತಿ ಎತ್ತಿತು, ಅಲ್ಲೇ ಸೋತು, ಬೇಲಿಯಾಚೆಯ ಹೊಲಕ್ಕೆ ಬಿತ್ತು. ನೆಲ ಬಿಟ್ಟಾಗಿನಿಂದ ಬೀಳುವ ತನಕ ಹತ್ತು ಎಣಿಸುವಷ್ಟು ಹೊತ್ತೂ ಆಗಲಿಲ್ಲ, ಬಿದ್ದ ಗಳಿಗೆಯಲ್ಲೇ ಇಬ್ಬರೂ ಹೋದರು ಎಂದು ಅವರು ಬರೆದಿದ್ದರು. ಆಮೇಲೆ ಚೀಲ ಬಿಚ್ಚಿದಾಗ, ಏಳರಲ್ಲಿ ಒಂದು ಬರೀ ಪಟ್ಟಿ. ಅದರ ತುದಿಯಲ್ಲಿ ಗವಸು ಇರಲಿಲ್ಲ.

ವಿಮಾನವೆಲ್ಲ ಸುಟ್ಟು ಕರಕಲಾಗಿದ್ದರಿಂದ ವಿಚಾರಣೆಯಲ್ಲಿ ಕಾರಣ ಗೊತ್ತಾಗಲಿಲ್ಲ. ಎಲ್ಲಾ ತೆಗೆದಿದ್ದೆಯಾ ಎಂದು ಇವರನ್ನು ಕೇಳಿದರಂತೆ. ಎಣಿಸಿದೆ, ಏಳಿತ್ತು ಎಂದರಂತೆ. ಅದು ಸುಳ್ಳಲ್ಲ. ನೋಟ್‌ಬುಕ್ಕಿನ ಕೊನೆಯ ಸಾಲು ಇಷ್ಟೇ ಇತ್ತು: ನಾನು ಪಟ್ಟಿ ಎಣಿಸಿದೆ, ಕೊಳವೆ ಮುಟ್ಟಿ ನೋಡಲಿಲ್ಲ. ಕೆಳಗೆ ತಾರೀಕು, ಪೂರ್ತಿ ಸಹಿ.

ನಾನು ನೋಟ್‌ಬುಕ್ ಕಂಕುಳಲ್ಲಿ ಇಟ್ಟುಕೊಂಡು ಕಾರ್ಯದರ್ಶಿಯ ಅಂಗಡಿಗೆ ಓಡಿದೆ. ಅವನು ಶಾಮಿಯಾನದವನ ಜೊತೆ ಜಗಳದಲ್ಲಿದ್ದ. ನಾನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡ. ಅವನ ಮುಖ ಸಣ್ಣದಾಗಿದ್ದು ನಿಜ. ಆದರೆ ಗೋಡೆಗೆ ಒರಗಿಸಿಟ್ಟಿದ್ದ ಎರಡು ಚೌಕಟ್ಟುಗಳನ್ನು ತೋರಿಸಿದ. ಒಂದು ಎದುರುಮನೆಯವರಿಗೆ, ಇನ್ನೊಂದು ಪ್ರತಿ ಆ ತಾಯಿಗೆ.

"ಫ್ರೇಮ್ ಆಗೋಗಿದೆ ಸಾರ್. ಸಾಯಂಕಾಲ ಗೆಸ್ಟ್ ಬರ್ತಾರೆ. ಸನ್ಮಾನದ ದಿನ ಯಾರಾದ್ರೂ ಇಂಥದ್ದೆಲ್ಲ ಓದ್ತಾರಾ? ಪಾಪ ಆ ವಯಸ್ಸಾದ್ ಹೆಂಗ್ಸಿಗೆ ಯಾಕ್ ಸಾರ್ ನೋವು ಕೊಡೋದು?"

ಇಲ್ಲಿ ನಾನು ಒಂದು ಮಾತನ್ನು ಮುಚ್ಚಿಡಬಾರದು. ಅವನು ಹಾಗೆಂದಾಗ ನನಗೆ ಒಳಗೊಳಗೇ ಸಮಾಧಾನವಾಯಿತು. ಆ ತಾಯಿಯ ಮೇಲಿನ ಕರುಣೆಯಿಂದಲ್ಲ. ನನ್ನ ವಾಕ್ಯಗಳು ಉಳಿದವಲ್ಲ, ಅದಕ್ಕೆ. ನೋವು ಕೊಡಬಾರದು ಎಂಬ ನೆಪ ಅವನು ಕೊಟ್ಟ, ನಾನು ಎರಡು ಕೈ ಚಾಚಿ ತೆಗೆದುಕೊಂಡೆ. ಎದುರುಮನೆಗೆ ಹೋಗಿ ಹೀಗಾಗಿದೆ ಸಾರ್, ಏನು ಮಾಡೋಣ ಎಂದು ಕೇಳಬಹುದಿತ್ತು. ರಸ್ತೆ ದಾಟಿದರೆ ಅವರ ಗೇಟು. ನಾನು ದಾಟಲಿಲ್ಲ.

ಸಂಜೆ ಬೀದಿ ತುಂಬ ಕುರ್ಚಿ, ಕೆಂಪು ಹಳದಿ ತೋರಣ. ವೇದಿಕೆಯ ಮೇಲೆ ಎದುರುಮನೆಯವರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ತಲೆಗೆ ಪೇಟ ಇಟ್ಟಾಗ ಅದು ಸ್ವಲ್ಪ ದೊಡ್ಡದಾಗಿ ಕಿವಿಯ ಮೇಲೆ ಇಳಿಯಿತು. ಪಕ್ಕದ ಕುರ್ಚಿಯಲ್ಲಿ ಆ ತಾಯಿ. ಸಣ್ಣ ಆಕೃತಿ, ನೂಲಿನ ಸೀರೆ, ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ನಾನು ಮೈಕಿನ ಮುಂದೆ ಬಂದಾಗ ಎದುರುಮನೆಯವರು ಒಮ್ಮೆ ನನ್ನ ಕಡೆ ನೋಡಿ, ಎರಡೂ ಕೈಯನ್ನು ಮಂಡಿಯ ಮೇಲೆ ಊರಿ, ತಲೆ ತಗ್ಗಿಸಿದರು. ಶಿಕ್ಷೆ ಕೇಳಲು ಸಿದ್ಧವಾದ ಮನುಷ್ಯನ ಕೂರುವಿಕೆ ಅದು. ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ನಾನು ಓದಿದೆ. ಆ ವಾಕ್ಯವನ್ನು ಇಲ್ಲಿ ಬರೆಯಲೇಬೇಕು, ಬರೆಯುವಾಗ ಬಾಯೆಲ್ಲ ಕಹಿಯಾಗುತ್ತದೆ. "ವೈರಿಯ ಬೆಂಕಿಯ ಮಳೆಗೆ ಎದೆಯೊಡ್ಡಿ, ಧಗಧಗನೆ ಹೊತ್ತಿ ಉರಿಯುತ್ತಿದ್ದ ವಿಮಾನವನ್ನು ಯೋಜನಗಟ್ಟಲೆ ಮುನ್ನಡೆಸಿ, ತಮ್ಮ ದೇಹ ಕರಗುತ್ತಿದ್ದರೂ ಕೊನೆಯ ಉಸಿರಿನವರೆಗೆ ಗುರಿ ಬಿಡದ ಆ ವೀರರಿಗೆ, ಎಂದೂ ಕೈಕೊಡದ ವಿಮಾನವನ್ನು ಸಿದ್ಧಪಡಿಸಿ ಕಳುಹಿಸಿದ ಪುಣ್ಯಹಸ್ತ ತಮ್ಮದು." ಯೋಜನಗಟ್ಟಲೆ ಎನ್ನುವಲ್ಲಿ ದನಿ ಏರಿಸಿ, ಕೊನೆಯ ಉಸಿರು ಎನ್ನುವಲ್ಲಿ ಸ್ವಲ್ಪ ನಿಲ್ಲಿಸಿದೆ. ಚಪ್ಪಾಳೆ ಎಲ್ಲಿ ಬೀಳುತ್ತದೆಂದು ನನಗೆ ಗೊತ್ತಿತ್ತು. ಬಿತ್ತು.

ಎದುರುಮನೆಯವರು ತಲೆಯೆತ್ತಿದರು. ಮೊದಲು ಏನೂ ಅರ್ಥವಾಗದ ಹಾಗೆ ನನ್ನನ್ನೇ ನೋಡಿದರು. ಆಮೇಲೆ ಎದ್ದು ಮೈಕಿನ ಕಡೆ ಎರಡು ಹೆಜ್ಜೆ ಇಟ್ಟರು. ಅಷ್ಟರಲ್ಲಿ ಕಾರ್ಯದರ್ಶಿ ಹಣ್ಣಿನ ಬುಟ್ಟಿಯನ್ನು ಅವರ ತೋಳಿಗೆ ಹೊರಿಸಿದ, ಅತಿಥಿಗಳು ಅದರ ಮೇಲೆ ಚೌಕಟ್ಟು ಇಟ್ಟರು, ಫೋಟೋದವನು ಈ ಕಡೆ ನೋಡಿ ಸಾರ್ ಎಂದ. ಬುಟ್ಟಿ ಬಿಟ್ಟರೆ ಬೀಳುತ್ತದೆ. ಅವರು ಬಿಡಲಿಲ್ಲ. ಆ ತಾಯಿ ಕುರ್ಚಿಯಿಂದ ಇಳಿದು ಬಂದು, ಅವರ ತಲೆ ಬಗ್ಗಿಸಿಕೊಂಡು, ಪೇಟದ ಮೇಲೇ ಕೈಯಿಟ್ಟು ಹರಸಿದರು. ಹಿಂದಿನಿಂದ ಆರ್ಕೆಸ್ಟ್ರಾದವರು ಶುರುಮಾಡಿಬಿಟ್ಟರು.

ಮರುದಿನ ಬೆಳಿಗ್ಗೆ ಎದುರುಮನೆಯವರು ಬಂದು ಗೇಟಿನ ಹೊರಗೇ ನಿಂತು ನೋಟ್‌ಬುಕ್ ಕೇಳಿದರು. ಓದಿದ್ರಾ ಎಂದರು. ಓದಿದೆ ಎಂದೆ. ಯಾವಾಗ ಎಂದರು. ನಿನ್ನೆ ಕಾರ್ಯಕ್ರಮ ಮುಗಿದ ಮೇಲೆ ಎಂದೆ. ಅಷ್ಟೆಲ್ಲ ಆದಮೇಲೂ ಇನ್ನೊಂದು ಸುಳ್ಳು. ಅವರಿಗೆ ಗೊತ್ತಾಯಿತೆಂದು ನನಗೂ ಗೊತ್ತಾಯಿತು.

"ನಮ್ಮಲ್ಲಿ, ನೋಡದೇ ಇರೋದಕ್ಕೆ ಸೈನ್ ಹಾಕಿದ್ರೆ ಜನ ಸಾಯ್ತಾರೆ ಮೇಷ್ಟ್ರೇ. ನಾನು ಒಂದ್ಸಲ ಹಾಕಿದೀನಿ. ನೀವು ನೋಡಿದ ಮೇಲೂ ಹಾಕಿದ್ರಿ."

ಇಷ್ಟು ಹೇಳಿ ರಸ್ತೆ ದಾಟಿ ಹೋದರು. ದನಿ ಏರಿಸಲಿಲ್ಲ. ಏರಿಸಿ ನಾಲ್ಕು ಬೈದಿದ್ದರೆ ನಾನೂ ಜಗಳಾಡಿ ಹಗುರವಾಗುತ್ತಿದ್ದೆನೇನೋ.

ಆಮೇಲೆ ಅವರು ತಾವೇ ಹೇಳಿಬಿಡಬೇಕೆಂದು ವಿಲ್ಸನ್ ಗಾರ್ಡನ್ನಿಗೆ ಹೋದರಂತೆ. ಒಂದಲ್ಲ, ಬಹಳ ಸಲ. ಇದನ್ನು ಅವರ ಹೆಂಡತಿ ನನ್ನ ಹೆಂಡತಿಗೆ ಹೇಳಿದ್ದು. ಹೋಗಿ ಕೂತರೆ ಎದುರಿನ ಗೋಡೆಯ ಮೇಲೆ ಮಗನ ಫೋಟೋದ ಪಕ್ಕದಲ್ಲೇ ಆ ಪತ್ರದ ಚೌಕಟ್ಟು. ತಾಯಿ ಅದಕ್ಕೂ ದಿನಾ ಹೂವಿಡುತ್ತಿದ್ದರಂತೆ. ಇವರು ಕಾಫಿ ಲೋಟವನ್ನು ಮುಟ್ಟದೆ ಹಾಗೇ ಬಿಟ್ಟು ಎದ್ದು ಬರುತ್ತಿದ್ದರಂತೆ. ಮೂರು ವರ್ಷಕ್ಕೆ ಹೋಗುವುದೂ ನಿಂತಿತು. ನನ್ನ ಜೊತೆ ಮಾತು ಬಿಟ್ಟಿರಲಿಲ್ಲ, ನಮಸ್ಕಾರಕ್ಕೆ ನಮಸ್ಕಾರ ಹೇಳುತ್ತಿದ್ದರು. ನನ್ನ ಮನೆಯ ಮಿಕ್ಸಿ ಮತ್ತೆ ಕೆಟ್ಟಾಗ ಕರೆದರೆ ಬಂದು ನೋಡಿದರು. ಚೀಟಿ ಅಂಟಿಸಿ ಹೋದರು. ಅವತ್ತು ನಾನು ನಗಲಿಲ್ಲ.

ಅವರು ತೀರಿಕೊಂಡದ್ದು ಒಂದು ಭಾನುವಾರ, ಹೃದಯಾಘಾತ. ಸಂಘದವರು ಸಂತಾಪ ಸೂಚಕ ಸಭೆ ಮಾಡಿ, ಅದೇ ಪತ್ರವನ್ನು ಮತ್ತೆ ಓದಲು ನನ್ನನ್ನು ಕೇಳಿದರು. ಗಂಟಲು ಸರಿಯಿಲ್ಲ ಎಂದೆ. ಸತ್ಯ ಹೇಳಲಿಲ್ಲ, ಗಂಟಲು ಎಂದೆ. ಬೇರೆ ಯಾರೋ ಓದಿದರು. ಅವರ ಹೆಂಡತಿ ತಿಂಗಳೊಪ್ಪತ್ತಿನಲ್ಲಿ ಮನೆ ಖಾಲಿ ಮಾಡಿ ಮೈಸೂರಿನ ತಮ್ಮನ ಮನೆಗೆ ಹೊರಟರು. ಹಳೇ ಪೇಪರಿನವನು ಗೇಟಿನ ಬಳಿ ತಕ್ಕಡಿ ಇಟ್ಟುಕೊಂಡು ಕೂತಿದ್ದ. ಕಟ್ಟುಗಳ ನಡುವೆ ಕಂದು ರಟ್ಟಿನ ಅಂಚೊಂದು ಕಂಡಿತು. ಇಳಿದು ಹೋಗಿ ತೆಗೆದುಕೊಳ್ಳಬಹುದಿತ್ತು. ನಾನು ಬಾಲ್ಕನಿಯಲ್ಲಿ ನಿಂತು, ಅವನು ಹುರಿಯಿಂದ ಕಟ್ಟಿ ಸೈಕಲ್ಲಿಗೆ ಏರಿಸುವ ತನಕ ನೋಡಿದೆ. ಅದು ಹೋದರೆ ಎಲ್ಲಾ ಹೋದ ಹಾಗೆ ಎಂದು ಮನಸ್ಸಿನಲ್ಲಿತ್ತು. ಒಬ್ಬ ಮನುಷ್ಯ ಎಷ್ಟು ಕೀಳಾಗಬಹುದು ಎಂದು ತಿಳಿಯಲು ನಾನು ಯಾವ ಪುಸ್ತಕವನ್ನೂ ಓದಬೇಕಾಗಿಲ್ಲ.

ಆ ಮನೆಯಿದ್ದ ಜಾಗದಲ್ಲಿ ಈಗ ನಾಲ್ಕು ಅಂತಸ್ತು, ಕೆಳಗೆ ಪಾರ್ಲರ್. ನನಗೆ ಅರವತ್ತೇಳು. ಸನ್ಮಾನ ಪತ್ರ ಬರೆಯುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು. ಆದರೆ ಬಿಟ್ಟದ್ದರಿಂದ ಯಾರಿಗೇನು ಬಂತು...

ಫುಟ್‌ಪಾತಿನಲ್ಲಿ ಆ ಪಟ್ಟಿಗಳನ್ನು ಕಂಡ ಮರುದಿನ ವಿಲ್ಸನ್ ಗಾರ್ಡನ್ನಿಗೆ ಹೋದೆ. ಅಂದು ಆಹ್ವಾನ ಪತ್ರಿಕೆಯ ಮೇಲೆ ನಾನೇ ಬರೆದ ವಿಳಾಸ ಮರೆತಿರಲಿಲ್ಲ. ತಾಯಿ ಇರಲಾರರೆಂದು ಗೊತ್ತಿತ್ತು. ಬಾಗಿಲು ತೆರೆದವರು ಮಗಳು, ಆ ನ್ಯಾವಿಗೇಟರನ ತಂಗಿ. ಅವರಿಗೇ ಈಗ ಎಪ್ಪತ್ತು ದಾಟಿದೆ. ಗಂಡ ಹೋದಮೇಲೆ ತಾಯಿಯ ಜೊತೆ ಇರಲು ಬಂದವರು ಇಲ್ಲೇ ಉಳಿದಿದ್ದಾರೆ. ನಾನು ಯಾರೆಂದು ಹೇಳಿಕೊಂಡೆ. ಕೂತು, ನೋಟ್‌ಬುಕ್ಕಿನಲ್ಲಿ ಓದಿದ್ದನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಚಕ್ಕುಲಿ, ಏಳು ಪಟ್ಟಿ, ಕೊಳವೆ, ಹೊಲ. ಪತ್ರ ಓದುವ ಮುಂಚೆಯೇ ನನಗೆ ಗೊತ್ತಿತ್ತು ಎಂಬುದನ್ನೂ ಹೇಳಿದೆ. ಅವರು ಬೈದಾರು, ಅತ್ತಾರು, ಎದ್ದು ಹೋಗಿ ಎಂದಾರು ಎಂದು ಕಾದೆ.

ಅವರು ಕೇಳಿದ್ದು ಬೇರೆ. ಎದ್ದಿದ್ದಕ್ಕೂ ಬಿದ್ದಿದ್ದಕ್ಕೂ ನಡುವೆ ಎಷ್ಟು ಹೊತ್ತು ಎಂದು ಕೇಳಿದರು. ಹತ್ತು ಎಣಿಸುವಷ್ಟೂ ಇಲ್ಲವಂತೆ ಎಂದೆ. ಮೇಲಿದ್ದಾಗ ಬೆಂಕಿ ಇರಲಿಲ್ಲವಾ ಎಂದರು. ಇರಲಿಲ್ಲ, ಬಿದ್ದಾಗಲೇ ಜೀವ ಹೋಗಿತ್ತು, ಬೆಂಕಿ ಆಮೇಲೆ ಎಂದೆ. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕಿಟಕಿಯ ಕಡೆ ತಿರುಗಿದರು. ಆಮೇಲೆ ನಿಧಾನವಾಗಿ ಹೇಳಿದರು.

"ಅವತ್ತು ನಮಗೆ ಬಂದಿದ್ದು ಒಂದೇ ಸಾಲಿನ ತಂತಿ. ವಿಮಾನ ಬಿದ್ದು ಹೋದ ಅಂತ. ಅಮ್ಮ ಅಷ್ಟನ್ನೇ ನಂಬ್ಕೊಂಡು, ಅತ್ತು, ಹೆಂಗೋ ಇದ್ರು. ನಿಮ್ ಸನ್ಮಾನ ಮುಗಿಸ್ಕೊಂಡು ಬಂದ್ರಲ್ಲ, ಅವತ್ತು ನನ್ನ ಕೇಳಿದ್ರು, ಯೋಜನ ಅಂದ್ರೆ ಎಷ್ಟು ದೂರನೇ ಅಂತ. ನಂಗೊತ್ತಿರ್ಲಿಲ್ಲ. ದೇವಸ್ಥಾನದಲ್ಲಿ ಭಟ್ರನ್ನ ಕೇಳ್ಕೊಂಡು ಬಂದ್ರು. ಎಂಟು ಮೈಲಿ ಅಂದ್ರಂತೆ. ಇಲ್ಲಿಂದ ಕೆಂಗೇರಿಗೆ ಹೋಗೋ ಅಷ್ಟು ದೂರ ನನ್ ಮಗು ಉರೀತಾ ಕೂತಿತ್ತಾ, ಅದೂ ಒಂದಲ್ಲ, ಯೋಜನಗಟ್ಟಲೆ ಅಂದ್ರಲ್ಲ ಮೇಷ್ಟ್ರು... ಅಂತ ಅಂತಿದ್ರು. ಒಲೆ ಮುಂದೆ ನಿಲ್ಲೋದೇ ಬಿಟ್ಬಿಟ್ರು. ಆಮೇಲೆ ಹನ್ನೊಂದು ವರ್ಷ ಇದ್ರು. ಕೊನೇ ದಿನದವರೆಗೂ ಅದೇ ಲೆಕ್ಕ."

ನಾನು ಏನೋ ಹೇಳಲು ಬಾಯಿ ತೆರೆದೆ. ಬೇಡ ಎನ್ನುವಂತೆ ಅವರು ಕೈ ಅಲ್ಲಾಡಿಸಿದರು.

ಆ ಹನ್ನೊಂದು ವರ್ಷವೂ ಪರೀಕ್ಷೆಯ ಪೇಪರ್ ತಿದ್ದಲು ನಾನು ಜಯನಗರದಿಂದ ಬಸ್ಸಿನಲ್ಲಿ ವಿಲ್ಸನ್ ಗಾರ್ಡನ್ ಮೇಲೆಯೇ ಹೋಗಿ ಬರುತ್ತಿದ್ದೆ. ಅವರ ಬೀದಿಯ ತಿರುವಿನಲ್ಲಿ ಬಸ್ಸು ನಿಲ್ಲುತ್ತಿತ್ತು. ಒಂದು ದಿನವೂ ಇಳಿಯಲಿಲ್ಲ.